ಬಿಸಿಲೇ ಉಗ್ರಾಣವಾಗಿದ್ದ ಊರು

ಮನೆಗೆ ನಿಲುವಿನ ಫ್ರೀಜರ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು ಎಷ್ಟು ಲೀಟರಿನದು ಬೇಕು ಎಂದು. ಕಲಬುರಗಿಯ ಮೋಮಿನಪುರದಂಥ ಹಳೆಯ ಓಣಿಗಳಿಗೆ ಅದು ಎರಡನೆಯ ಪ್ರಶ್ನೆ. ಇಷ್ಟು ಕಾಲ ಈ ಪೆಟ್ಟಿಗೆಯ ಕೆಲಸವನ್ನು ಯಾರು ಮಾಡುತ್ತಿದ್ದರು ಎಂಬುದು ಮೊದಲನೆಯದು. ಹಿಂದಿನವರಿಗೆ ತಂಪಿನ ಸೌಕರ್ಯ ಇರಲಿಲ್ಲ, ಆದ್ದರಿಂದ ಆಹಾರ ಕೆಡುತ್ತಿತ್ತು, ಯಂತ್ರ ಬಂದು ಉಳಿಸಿತು ಎಂದು ನಾವೆಲ್ಲ ಸಲೀಸಾಗಿ ನಂಬುತ್ತೇವೆ. ಈ ಊರಿನ ಮಟ್ಟಿಗೆ ಆ ಕಥೆ ತಲೆಕೆಳಗಾಗಿದೆ. ಮೇ ತಿಂಗಳಲ್ಲಿ ಪಾದರಸ 43, 44 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಆಹಾರವನ್ನು ಕಾಯ್ದದ್ದೇ ಒಣ ಬಿಸಿಲು. ನಾವು ಶತ್ರುವೆಂದುಕೊಂಡಿರುವುದು ಆಗ ಉಗ್ರಾಣದ ಕಾವಲುಗಾರನಾಗಿತ್ತು. ಇದು ತಿಳಿದಿದ್ದರೆ ಎಂಥ ಫ್ರೀಜರ್ ಬೇಕು, ಎಷ್ಟು ಬೇಕು ಎಂಬ ಲೆಕ್ಕವೇ ಬೇರೆಯಾಗುತ್ತದೆ ಎನ್ನುವುದು ನನ್ನ ವಾದ.

ಕಪ್ಪು ಮಣ್ಣಿನ ಈ ನಾಡಿನ ದೊಡ್ಡ ಉಗ್ರಾಣ ನೆಲದೊಳಗಿತ್ತು. ಹಗೇವು ಎಂಬ ಆ ನೆಲಗುಂಡಿಯಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣೆಳೆದರೆ ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ತೀರಿಹೋಗುತ್ತದೆ. ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಹಗೇವು ತೆರೆದಾಗ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕೆಂಬ ಎಚ್ಚರ ಹುಟ್ಟಿದ್ದು ಒಳಗೆ ಆಮ್ಲಜನಕ ಇರದ ಕಾರಣಕ್ಕೇ. ಈ ಇಡೀ ಏರ್ಪಾಟಿಗೆ ಬೇಕಾಗಿದ್ದ ಒಂದೇ ಷರತ್ತು ಕಾಳು ಚೆನ್ನಾಗಿ ಒಣಗಿರಬೇಕು ಎಂಬುದು. ಅಡುಗೆಮನೆಗೂ ಇದೇ ನ್ಯಾಯ. ತಿಂಗಳಾದರೂ ಬೂಸು ಹಿಡಿಯದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾಳಿಗೆಯ ಮೇಲೆ ಒಣಗಿದ ಹಪ್ಪಳ, ಸಂಡಿಗೆ, ಮೆಣಸಿನಕಾಯಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಯ ಬೇಳೆ, ಇವೆಲ್ಲದರಿಂದ ತೆಗೆದುಹಾಕಿದ್ದು ಒಂದನ್ನೇ, ನೀರನ್ನು. ಮಾಂಸವೂ ಹೊರತಲ್ಲ. ಎಳೆಯಾಗಿ ಕೊಯ್ದು ಉಪ್ಪು ಅರಿಶಿನ ಹಚ್ಚಿ ಹಗ್ಗಕ್ಕೆ ಹಾಕಿದ್ದು ದಖ್ಖನಿಯಲ್ಲಿ ಸೂಖಾ ಗೋಷ್ತ್. ಸೂಕ್ಷ್ಮಜೀವಿಗೆ ಬದುಕಲು ನೀರು ಬೇಕು. ಫ್ರೀಜರ್ ಆ ನೀರನ್ನು ಕಲ್ಲಾಗಿಸುತ್ತದೆ, ಬಿಸಿಲು ಹಾರಿಸಿಬಿಡುತ್ತದೆ. ಎರಡೂ ಒಂದೇ ಕೆಲಸ.

ತಂಪು ಬೇಕಾಗಿದ್ದು ಕುಡಿಯುವ ನೀರಿಗೆ, ಮಲಗುವ ಕೋಣೆಗೆ. ಅದನ್ನು ಕೊಟ್ಟದ್ದೂ ಅದೇ ಒಣ ಗಾಳಿ. ಗಡಿಗೆ, ಸುರಾಹಿ, ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿ, ಇವುಗಳ ಗುಟ್ಟು ಒಂದೇ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಎಷ್ಟೆಂದರೆ, ಅಷ್ಟನ್ನು ಕಿತ್ತುಕೊಂಡರೆ ಐದು ಲೀಟರ್ ಕುದಿನೀರು ಬರ್ಫವಾಗುವ ಅಂಚಿಗೆ ಬಂದು ನಿಲ್ಲುತ್ತದೆ. ಹೊರಗಿನ ಗಾಳಿ ಒಣಗಿದ್ದಷ್ಟೂ ಗಡಿಗೆ ಬೆವರುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಇದೇ ಗಡಿಗೆಯನ್ನು ಮಂಗಳೂರಿನಲ್ಲಿಟ್ಟರೆ ಅರ್ಧ ಕೆಲಸವನ್ನೂ ಮಾಡದು. ಹೊರಗಿನಿಂದ ತಂಪು ತರುವುದಂತೂ ಈ ಊರಿಗೆ ದೂರದ ಮಾತಾಗಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿಂದ ಕಲ್ಕತ್ತೆಗೆ ಹಡಗಿನಲ್ಲಿ ಬರ್ಫ ಬಂದಿಳಿಯಿತು. ಫ್ರೆಡರಿಕ್ ಟ್ಯೂಡರನ ಆ ವ್ಯಾಪಾರ ಮುಂದೆ ಮುಂಬಯಿ, ಮದರಾಸುಗಳಿಗೆ ಹಬ್ಬಿತು. ಅವನ ಹಿಮದ ಮನೆಗಳು ಆ ಮೂರು ಬಂದರುಗಳಲ್ಲೇ ಉಳಿದವು. ಮುಂಬಯಿಯಿಂದ ಬಂದ ರೈಲು ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿದ್ದು 1871ರಲ್ಲಿ. ಅಷ್ಟು ಹೊತ್ತಿಗೆ ಬಾಸ್ಟನ್ ಬರ್ಫದ ಕಾಲ ಮುಗಿಯುತ್ತ ಬಂದಿತ್ತು.

ಬಿಸಿಲು ಎಲ್ಲರಿಗೂ ಗೆಳೆಯನಾಗಿತ್ತೆಂದು ಹೇಳಿದರೆ ಸುಳ್ಳಾದೀತು, ಮೋಮಿನಪುರದ ಹೆಸರೇ ಅದಕ್ಕೆ ಅಡ್ಡ ಬರುತ್ತದೆ. ಮೋಮಿನ ಎಂಬುದು ಉತ್ತರದಿಂದ ದಖ್ಖಣದವರೆಗೆ ಮುಸ್ಲಿಂ ನೇಕಾರರು ತಮ್ಮನ್ನು ಕರೆದುಕೊಂಡ ಹೆಸರು. ಹತ್ತಿಯ ಹಾಸಿನೆಳೆ ಒಣಗಾಳಿಗೆ ಪಟಪಟನೆ ಹರಿಯುತ್ತದೆ. ಕುಣಿಮಗ್ಗವನ್ನು ನೆಲದೊಳಗೆ ಇಳಿಸಿ ಕೂರುವುದರಿಂದ ಆಗುವ ಒಂದು ಲಾಭ ಮಣ್ಣಿನ ತೇವ ಎಳೆಗೆ ತಾಗುವುದು. ಅಂದರೆ ಅದೇ ಮನೆಯ ಮಾಳಿಗೆಗೆ ಬೇಕಾದ ಬಿಸಿಲು ನೆಲದ ಕೋಣೆಗೆ ಬೇಡ. ಬೇಡವಾದಲ್ಲಿ ಅದನ್ನು ತಡೆಯುವುದೂ ಈ ಊರಿಗೆ ಗೊತ್ತಿತ್ತು. ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ಎಲ್ಲ ಕಡೆ ಇರುವಂಥ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಸೂರು. ಕಟ್ಟಿದವರ ಮನಸ್ಸಿನಲ್ಲಿ ಏನೇ ಇದ್ದಿರಲಿ, ಮೇ ತಿಂಗಳ ನಡುಹಗಲು ಒಳಗೆ ಕಾಲಿಟ್ಟವರಿಗೆ ಸಿಗುವುದು ನೆರಳು.

ಫ್ರೀಜರಿನ ಚರ್ಚೆ ಇಂಥ ಓಣಿಗಳಲ್ಲಿ ಬಿಸಿಯಾಗುವುದು ಬಕ್ರೀದಿನ ಸುತ್ತ. ಕುರ್ಬಾನಿಯ ಮಾಂಸದಲ್ಲಿ ಒಂದು ಪಾಲು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ ಎಂಬುದು ರೂಢಿ. ದೊಡ್ಡ ಫ್ರೀಜರ್ ಬಂದ ಮೇಲೆ ಹಂಚುವ ಕೈ ಗಿಡ್ಡವಾಯಿತು ಎಂಬ ದೂರು ಕೇಳಿಬರುತ್ತದೆ. ಆದರೆ ಕೂಡಿಡುವುದೋ ಹಂಚುವುದೋ ಎಂಬ ಪ್ರಶ್ನೆ ಕಂಪ್ರೆಸರಿಗಿಂತ ಹದಿಮೂರು ಶತಮಾನ ಹಳೆಯದು. ಹಸಿದವರು ಊರಿಗೆ ಬಂದ ಒಂದು ವರ್ಷ ಮೂರು ದಿನಕ್ಕಿಂತ ಹೆಚ್ಚು ಮಾಂಸ ಇಟ್ಟುಕೊಳ್ಳಬೇಡಿರೆಂದು ಪ್ರವಾದಿಯವರು ಹೇಳಿದ್ದೂ, ಆಮೇಲೆ ಆ ನಿರ್ಬಂಧ ತೆಗೆದದ್ದೂ ಹದೀಸ್ ಸಂಗ್ರಹಗಳಲ್ಲಿದೆ. ಹಬ್ಬದ ಮರುದಿನದಿಂದ ಮೂರು ದಿನಗಳಿಗೆ ತಶ್ರೀಕ್ ಎಂಬ ಹೆಸರಿದೆಯಲ್ಲ, ಮಾಂಸವನ್ನು ಎಳೆಯಾಗಿ ಸೀಳಿ ಬಿಸಿಲಿಗೆ ಹಾಕುತ್ತಿದ್ದುದರಿಂದ ಆ ಹೆಸರು ಬಂತೆಂದು ವಿವರಿಸುತ್ತಾರೆ. ಅರೇಬಿಯಾದ ಒಣ ಬಿಸಿಲಿಗೂ ಕಲಬುರಗಿಯ ಒಣ ಬಿಸಿಲಿಗೂ ಒಂದೇ ಉಪಯೋಗ.

ಆದರೆ ಚಾಂದ್ರಮಾನದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2015ರಲ್ಲಿ ಬಕ್ರೀದ್ ಸೆಪ್ಟೆಂಬರಿನಲ್ಲಿ ಬಂತು, 2018ರಲ್ಲಿ ಆಗಸ್ಟಿನಲ್ಲಿ, 2022ರಲ್ಲಿ ಜುಲೈಯಲ್ಲಿ. ಅಂದರೆ ಸುಮಾರು ಹತ್ತು ವರ್ಷ ಹಬ್ಬ ಮಳೆಗಾಲದಲ್ಲೇ ಸಿಕ್ಕಿಕೊಂಡಿತ್ತು. ಮೋಡದ ಕೆಳಗೆ ಹಗ್ಗಕ್ಕೆ ಹಾಕಿದ ಮಾಂಸ ಒಣಗುವುದಿಲ್ಲ, ನಾರುತ್ತದೆ. ಆ ಹತ್ತು ವರ್ಷ ಫ್ರೀಜರಿನ ಪರವಾಗಿ ಯಾರಾದರೂ ವಾದಿಸಿದ್ದರೆ ಅವರ ಮಾತು ಸರಿ. 2025ರಲ್ಲಿ ಹಬ್ಬ ಜೂನ್ ಮೊದಲ ವಾರಕ್ಕೆ ಬಂದಿತ್ತು; ಇನ್ನು ಕೆಲವು ವರ್ಷ ಸುಡುಬೇಸಿಗೆಯೊಳಗೇ ಹಿಂದೆ ಸರಿಯುತ್ತದೆ. ಯಂತ್ರವನ್ನು ಹತ್ತು ಹದಿನೈದು ವರ್ಷಕ್ಕೆಂದು ಕೊಳ್ಳುವವರು ಪಂಚಾಂಗವನ್ನೂ ನೋಡುವುದು ಒಳ್ಳೆಯದು.

ಒಣಗಿಸುವ ಕೆಲಸ ಯಾರ ಕೈಯಲ್ಲಿತ್ತು ಎಂದು ಕೇಳುವವರಿದ್ದಾರೆ, ಮತ್ತು ಇದಕ್ಕಿಂತ ಗಟ್ಟಿ ಆಕ್ಷೇಪ ನನಗೆ ಕಾಣದು. ಮಾಳಿಗೆಗೆ ಹತ್ತಿದ್ದು, ಕಾಗೆ ಓಡಿಸಿದ್ದು, ಸಂಜೆ ಮಡಚಿ ಇಳಿಸಿದ್ದು ಹೆಂಗಸರು. ಬಿಸಿಲು ಬಿಟ್ಟಿ ಸಿಗುತ್ತಿತ್ತು, ಅವರ ದುಡಿಮೆಯನ್ನೂ ಬಿಟ್ಟಿ ಎಂದು ಎಣಿಸಲಾಗಿತ್ತು. ಆದ್ದರಿಂದ ಎಲ್ಲರೂ ಸೂಖಾ ಗೋಷ್ತಿಗೆ ಮರಳಿರಿ ಎನ್ನುವ ಹಕ್ಕು ಯಾವ ಬರಹಗಾರನಿಗೂ ಇಲ್ಲ. ನಾನು ಹೇಳುವುದು ಇಷ್ಟು: ಬೇಳೆ, ಹಿಂಡಿ, ಮಸಾಲೆ, ರೊಟ್ಟಿಗಳನ್ನು ಈ ಹವೆ ಈಗಲೂ ಕಾಯುತ್ತದೆ, ಅವನ್ನು ತುಂಬಲು ಲೀಟರ್ ಕೊಳ್ಳಬೇಕಿಲ್ಲ. ಹಸಿ ಮಾಂಸ, ಮೀನು, ಬಟಾಣಿ ಉಳಿದವು, ಅಷ್ಟಕ್ಕೆ ಅಳೆಯಿರಿ.

ಕರೆಂಟು ಪುಕ್ಕಟೆ ಇರುವಾಗ ಇಷ್ಟು ಲೆಕ್ಕ ಏಕೆ ಎಂಬ ಮಾತೂ ಇದೆ. 200 ಯೂನಿಟ್ ವರೆಗಿನ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿದ್ದು ಇದೇ ಕಲಬುರಗಿಯಲ್ಲಿ. ಆದರೆ ಉಚಿತ ಸಿಗುವುದು ಆ ಮನೆಯ 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಮಾತ್ರ. ಸರಾಸರಿ 120 ಯೂನಿಟ್ ಉರಿಸಿದ ಮನೆಗೆ ಹೆಚ್ಚುವರಿ ಸಿಕ್ಕುವುದು 12. ಹೊಸ ಫ್ರೀಜರ್ ತಿಂಗಳಿಗೆ ಇಪ್ಪತ್ತು ಮೂವತ್ತು ಯೂನಿಟ್ ಸುಲಭವಾಗಿ ನುಂಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಕಾರಣ ಸರಳ ಕಳೆಯುವ ಲೆಕ್ಕದಲ್ಲಿದೆ: ಬೆಂಗಳೂರಿನ 27 ಡಿಗ್ರಿ ಕೋಣೆಯಿಂದ ಫ್ರೀಜರಿನ ಮೈನಸ್ 18ಕ್ಕೆ ಅಂತರ 45, ಕಲಬುರಗಿಯ 43ರಿಂದ 61. ಗೋಡೆಯ ಮೂಲಕ ನುಸುಳುವ ಶಾಖ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಯಿತು.

ಮನೆಯ ಫ್ರಿಜ್ ಇಲ್ಲಿಗೆ ಬಂದದ್ದು ಹೊರಗಿನ ವಸ್ತುವಾಗಿ ಎನ್ನಲು ಬರುವುದಿಲ್ಲ. 1942ರಲ್ಲಿ ನಿಜಾಮ ಸರಕಾರದ ಬಂಡವಾಳ ಕೂಡಿ ಹುಟ್ಟಿದ ಹೈದರಾಬಾದಿನ ಆಲ್ವಿನ್ ಕಾರ್ಖಾನೆ ಮುಂದೆ ಬಸ್ಸಿನ ಜೊತೆ ಫ್ರಿಜ್ಜನ್ನೂ ಮಾಡಿತು. ಆ ಕಾರ್ಖಾನೆ ಹುಟ್ಟಿದಾಗ ಕಲಬುರಗಿ ಅದೇ ರಾಜ್ಯದ ಜಿಲ್ಲೆ. 1958ರಲ್ಲಿ ಗೋದ್ರೆಜ್ ಕೂಡ ಫ್ರಿಜ್ ತಯಾರಿಕೆಗೆ ಇಳಿಯಿತು. ಆದರೆ ಈಗ ಮಾರುವ ಫ್ರೀಜರಿನ ಗುಣಗಳನ್ನು ಹೊಗಳುವ ಭಾಷೆ ಕರಾವಳಿಗೋ ಮಹಾನಗರಕ್ಕೋ ಹೊಂದುವಂಥದ್ದು. ಹಿಮ ಕಟ್ಟದ ಫ್ರೀಜರ್ ಎಂದು ಹೆಚ್ಚು ಹಣ ಕೇಳುತ್ತಾರೆ. ಹಿಮ ಕಟ್ಟುವುದು ಬಾಗಿಲು ತೆರೆದಾಗ ಒಳನುಗ್ಗುವ ಗಾಳಿಯ ತೇವದಿಂದ. ಕಲಬುರಗಿಯ ಬೇಸಿಗೆಯ ಗಾಳಿಯಲ್ಲಿ ಆ ತೇವ ಎಲ್ಲಿದೆ? ಮಳೆಗಾಲದಲ್ಲಿ ಒಂದೆರಡು ಸಲ ಕೈಯಿಂದ ಕರಗಿಸಿದರೆ ಸಾಕು. ಹಿಮ ಕರಗಿಸುವ ಹೀಟರಿನ ಕರೆಂಟೂ ಉಳಿಯಿತು. ಪೆಟ್ಟಿಗೆಯಂತೆ ಮೇಲೆ ತೆರೆಯುವ ಫ್ರೀಜರ್ ತಂಪನ್ನು ಚೆಲ್ಲುವುದಿಲ್ಲ, ನಿಲುವಿನದು ಬಾಗಿಲು ತೆರೆದಾಗಲೆಲ್ಲ ತಣ್ಣನೆಯ ಗಾಳಿಯನ್ನು ಕಾಲಬುಡಕ್ಕೆ ಸುರಿಯುತ್ತದೆ, ನಿಜ. ಆದರೆ ಇಕ್ಕಟ್ಟಿನ ಓಣಿಯ ಮನೆಯಲ್ಲಿ ನೆಲವೇ ದುಬಾರಿ, ಅಲ್ಲಿ ನಿಲುವಿನದೇ ಸರಿ. ಗಾಳಿ ನಿಲ್ಲಿಸುವ ಮುಚ್ಚಿದ ಅರೆಗಳಿದ್ದರೆ ನಷ್ಟ ತಗ್ಗುತ್ತದೆ. ತುಂಬಿದ ಫ್ರೀಜರ್ ಬಾಗಿಲು ಮುಚ್ಚಿಯೇ ಇದ್ದರೆ ಕರೆಂಟಿಲ್ಲದೆ ಸುಮಾರು 48 ತಾಸು ತಡೆಯುತ್ತದೆ, ಅರ್ಧ ಖಾಲಿಯಾದದ್ದು 24. ಹಾಗಾಗಿ ದೊಡ್ಡದು ಕೊಂಡು ಖಾಲಿ ಬಿಡುವುದಕ್ಕಿಂತ ಚಿಕ್ಕದು ಕೊಂಡು ತುಂಬುವುದು ಮೇಲು.

ಹಣ ಕೊಡುವ ಮುನ್ನ ಯಂತ್ರದ ಮೈಗೆ ಅಂಟಿಸಿದ ಚೀಟಿಯನ್ನು ಓದಿರಿ. ಅದರಲ್ಲಿ ಹವಾಗುಣದ ವರ್ಗ ಎಂದೊಂದು ಸಾಲಿರುತ್ತದೆ. ‘ಎನ್’ ಎಂದಿದ್ದರೆ 32 ಡಿಗ್ರಿಯ ಕೋಣೆಯವರೆಗೆ, ‘ಎಸ್‌ಟಿ’ ಎಂದಿದ್ದರೆ 38ರವರೆಗೆ, ‘ಟಿ’ ಎಂದಿದ್ದರೆ 43ರವರೆಗೆ ಅದು ಹೇಳಿದ ಕೆಲಸ ಮಾಡಬಲ್ಲದು. ‘ಟಿ’ ಇಲ್ಲದ ಯಂತ್ರ ಎಷ್ಟೇ ಅಗ್ಗವಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ. ಇದ್ದದ್ದನ್ನು ತಂದರೆ ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ತಾಗಿಸಿ ನಿಲ್ಲಿಸಬೇಡಿ.