ವಾರಂಟಿ ಮುಗಿದ ಮೇಲೆ ಊದಿದ ಕೆಪಾಸಿಟರ್

2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಅಸಂಖ್ಯ ಮದರ್‌ಬೋರ್ಡ್‌ಗಳು ಒಂದೇ ಬಗೆಯಲ್ಲಿ ಕೆಟ್ಟವು. ಅವುಗಳ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿದ್ದ ನೀರು ಬೆರೆತ ದ್ರಾವಣವು ಅಲ್ಯೂಮಿನಿಯಮ್ಮನ್ನು ತಿನ್ನುತ್ತಿತ್ತು. ಹೈಡ್ರೋಜನ್ ಹುಟ್ಟಿ ಡಬ್ಬಿಯ ನೆತ್ತಿ ಊದುತ್ತಿತ್ತು, ಕೊನೆಗೆ ಸೋರುತ್ತಿತ್ತು. ಇದಕ್ಕೆ ಹಲವೊಮ್ಮೆ ವರ್ಷಗಳೇ ಹಿಡಿದವು. ದೋಷ ಹುಟ್ಟಿದ್ದು ಕಾರ್ಖಾನೆಯಲ್ಲಿ. ಕಣ್ಣಿಗೆ ಬಿದ್ದದ್ದು ಎಷ್ಟೋ ಸಲ ವಾರಂಟಿ ಕಳೆದ ಮೇಲೆ.

ಡೆಲ್ ಕಂಪನಿ 2005ರಲ್ಲಿ ಇದಕ್ಕೆಂದು 30 ಕೋಟಿ ಡಾಲರ್ ವೆಚ್ಚ ತೋರಿಸಿತು. ಅದರ ವಿರುದ್ಧ 2007ರಲ್ಲಿ ಅಮೆರಿಕದಲ್ಲಿ ಹೂಡಿದ ದಾವೆಯ ಕಡತಗಳು 2010ರಲ್ಲಿ ಹೊರಬಂದಾಗ, ಕೆಡುವ ಸಂಭವವಿದ್ದ ಯಂತ್ರಗಳು 1.18 ಕೋಟಿ ಎಂದು ತಿಳಿಯಿತು. ಇತ್ತೀಚಿನ ನಿದರ್ಶನ ಇಂಟೆಲ್‌ನದು: 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾದಾಗ, 2024ರಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಎರಡೂ ಕಡೆ ಮೂಲ ವಾರಂಟಿಯ ಗಡುವು ದೋಷಕ್ಕೆ ಅಳತೆಗೋಲಾಗಲಿಲ್ಲ.

ನಮ್ಮಲ್ಲಿ ಅಂಗಡಿಯವರ ಉತ್ತರ ಗೊತ್ತಿರುವುದೇ: ‘ವಾರಂಟಿ ಮುಗೀತು ಸಾರ್, ಬೋರ್ಡೇ ಚೇಂಜ್ ಮಾಡ್ಬೇಕು.’ ಕಾನೂನು ಅಷ್ಟು ಸರಳವಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(10) ‘ದೋಷ’ವನ್ನು ವಿವರಿಸುವಾಗ, ಕಾನೂನಿನಂತೆಯೋ ಕರಾರಿನಂತೆಯೋ ಇರಬೇಕಾದ ಗುಣಮಟ್ಟದಲ್ಲಿ ಕೊರತೆಯಿದ್ದರೆ ಸಾಕು ಎನ್ನುತ್ತದೆ. ಆ ಕರಾರು ಬಾಯಿಬಿಟ್ಟು ಹೇಳಿದ್ದೇ ಆಗಬೇಕಿಲ್ಲ. ವಾರಂಟಿ ಅವಧಿಯ ಪ್ರಸ್ತಾಪ ಈ ವ್ಯಾಖ್ಯೆಯಲ್ಲಿಲ್ಲ.

ಇಂಥ ಸಂದರ್ಭದಲ್ಲಿ ಮೊದಲು ಮನಸ್ಸಿಗೆ ಬರುವುದು ಇದೇ ಕಾಯ್ದೆಯ ‘ಉತ್ಪನ್ನ ಹೊಣೆಗಾರಿಕೆ’ ಅಧ್ಯಾಯ. ತಯಾರಿಕೆಯ ದೋಷಕ್ಕೆ ಉತ್ಪಾದಕರೇ ಹೊಣೆ ಎಂದು ಸೆಕ್ಷನ್ 84 ಸಾರುತ್ತದಲ್ಲ! ಆದರೆ ಸೆಕ್ಷನ್ 2(22) ‘ಹಾನಿ’ಯ ಲೆಕ್ಕದಿಂದ ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಟ್ಟಿದೆ. ಕೆಪಾಸಿಟರ್ ಸಿಡಿದು ಮೇಜು ಸುಟ್ಟರೆ ಆ ದಾರಿ ಉಂಟು. ಬೋರ್ಡು ಮಾತ್ರ ಸತ್ತರೆ ಇಲ್ಲ. ಹಾಗಾಗಿ ಗ್ರಾಹಕ ದೋಷಪೂರಿತ ಸರಕಿನ ಸಾಮಾನ್ಯ ದೂರಿಗೇ ಮರಳಬೇಕಾಗುತ್ತದೆ.

ಅಲ್ಲಿ ಕಾಲಮಿತಿ ಎದುರಾಗುತ್ತದೆ. ಸೆಕ್ಷನ್ 69ರ ಪ್ರಕಾರ ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷ. ಆ ದಿನ ಕೊಂಡ ದಿನವೆಂದು ಕಂಪನಿ ವಾದಿಸಬಹುದು. ಅಡಗಿದ್ದ ದೋಷಕ್ಕೆ ಅದು ಬಯಲಾದ ದಿನವೇ ಸರಿ ಎಂಬುದು ನನ್ನ ಅಭಿಪ್ರಾಯ. ಒಳಗಿದ್ದದ್ದನ್ನು ಕಾಣದವನಿಗೆ ದೂರುವ ಅವಕಾಶ ಎಲ್ಲಿತ್ತು? ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ದೂರು ಕೇಳುವ ಗ್ರಾಹಕ ಆಯೋಗಕ್ಕಿದೆ.

ಇವೆಲ್ಲಕ್ಕಿಂತ ಕಠಿಣವಾದದ್ದು ರುಜುವಾತು. ಬಿಡಿಭಾಗ ಸವೆದು ಕೆಟ್ಟದ್ದಲ್ಲ, ಕೊಳ್ಳುವಾಗಲೇ ಕೆಟ್ಟಿತ್ತೆಂದು ತೋರಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಊದಿದ ಕೆಪಾಸಿಟರ್ ಕಿತ್ತು ಹೊಸದನ್ನು ಬೆಸುಗೆ ಹಾಕಿಸಿದರೆ ಯಂತ್ರ ಬದುಕೀತು, ಸಾಕ್ಷ್ಯ ಮಾತ್ರ ಕಸದ ಬುಟ್ಟಿ ಸೇರುತ್ತದೆ. ಕಿತ್ತ ಭಾಗ, ರಿಪೇರಿಗೆ ಮೊದಲು ತೆಗೆದ ಫೋಟೊ, ಬಿಲ್, ಕಂಪನಿಯೇ ಹೊರಡಿಸಿದ ವಾರಂಟಿ ವಿಸ್ತರಣೆಯ ಪ್ರಕಟಣೆ ಕೈಯಲ್ಲಿದ್ದರೆ ವಾದಕ್ಕೆ ನೆಲೆ ಸಿಗುತ್ತದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ಸೆಕ್ಷನ್ 38ರಂತೆ ಜಿಲ್ಲಾ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಅದರ ಶುಲ್ಕವನ್ನು ದೂರುದಾರರಿಂದಲೇ ಕಟ್ಟಿಸಿಕೊಳ್ಳಬಹುದು. ಕೆಲವೇ ಸಾವಿರದ ಬೋರ್ಡಿಗಾಗಿ ಒಬ್ಬರೇ ಇಷ್ಟನ್ನು ಹೊರುವುದು ಕಷ್ಟ. ಒಂದೇ ಮಾದರಿ ಕೊಂಡು ನಷ್ಟಕ್ಕೊಳಗಾದ ಹಲವರಿದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಲು ಸೆಕ್ಷನ್ 35(1)(ಸಿ) ಅವಕಾಶ ಕೊಟ್ಟಿದೆ.