ಏನಮ್ಮಾ, ವಿಶೇಷ?

ಕನ್ನಡದಲ್ಲಿ ‘ವಿಶೇಷ’ದಷ್ಟು ದುಡಿಯುವ ಪದ ಇನ್ನೊಂದಿದ್ದರೆ ಅದು ‘ಸ್ವಲ್ಪ’ ಇರಬೇಕು. ದೀಪಾವಳಿಗೆ ವಿಶೇಷಾಂಕ, ಧನುರ್ಮಾಸಕ್ಕೆ ವಿಶೇಷ ಪೂಜೆ, ಸಾಲಿನಲ್ಲಿ ನಿಲ್ಲಲಾರದವರಿಗೆ ವಿಶೇಷ ದರ್ಶನದ ಚೀಟಿ, ಜಾತ್ರೆಗೆ ವಿಶೇಷ ಬಸ್ಸು. ಹೊಲ ರಸ್ತೆಗೆ ಹೋಯಿತೋ, ಪರಿಹಾರಕ್ಕೆ ಅಲೆಯಬೇಕಾದ್ದು ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಗೆ. ಫೋನೆತ್ತಿದರೆ ‘ಮತ್ತೇನ್ ವಿಶೇಷ?’ ಅನ್ನುತ್ತೇವೆ. ‘ಏನೂ ವಿಶೇಷ ಇಲ್ಲ’ ಅಂತ ಉತ್ತರ ಕೊಟ್ಟು ಆಮೇಲೆ ಅರ್ಧ ಗಂಟೆ ಮಾತಾಡುತ್ತೇವೆ.

ಇದೇ ಪದಕ್ಕೆ ಇನ್ನೊಂದು ಒಳಮನೆಯ ಕೆಲಸ ಇದೆ. ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಯಾವುದೋ ಛತ್ರದಲ್ಲಿ, ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಾಗ, ಹಿರಿಯರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ, ಕಣ್ಣನ್ನು ಒಂದು ಕ್ಷಣ ಸೊಂಟದ ಹತ್ತಿರ ಇಳಿಸಿ ಕೇಳುತ್ತಾರೆ: ‘ಏನಮ್ಮಾ, ವಿಶೇಷ ಏನಾದ್ರೂ?’ ದಕ್ಷಿಣ ಕನ್ನಡದಲ್ಲಾದರೆ ‘ವಿಶೇಷ ಉಂಟಾ?’ ತಮಿಳರೂ ಮಲಯಾಳಿಗಳೂ ಇದೇ ಸಂಸ್ಕೃತ ಪದವನ್ನು ಇದೇ ಕೆಲಸಕ್ಕೆ ಹಚ್ಚಿದ್ದಾರೆ. ಹೀಗಾಗಿ ಇದು ನಮ್ಮೊಬ್ಬರ ಜಾಣತನವೇನಲ್ಲ.

ಪದಗಳಿಗೆ ಬರವಿರಲಿಲ್ಲ. ಬಸುರಿ ಇದೆ, ಗರ್ಭಿಣಿ ಇದೆ, ಉತ್ತರ ಕರ್ನಾಟಕದವರ ‘ಹೊಟ್ಟೀಲೆ ಅದಾಳ’ ಇದೆ, ‘ತಿಂಗಳು ನಿಂತಿದೆ’ ಇದೆ. ಆದರೆ ‘ಬಸುರಾಗಿದ್ದೀಯೇನೇ?’ ಅಂತ ಕೇಳುವುದಕ್ಕೆ ತಾಯಿಯೋ ಅಕ್ಕನೋ ಆಗಿರಬೇಕು, ಇಲ್ಲವೇ ಅಷ್ಟು ಸಲುಗೆಯ ಗೆಳತಿ. ‘ವಿಶೇಷ’ಕ್ಕೆ ಆ ಅರ್ಹತೆ ಬೇಡ. ಎದುರುಮನೆಯವರು ಕೇಳಬಹುದು, ಗಂಡನ ಆಫೀಸಿನವರ ಹೆಂಡತಿ ಕೇಳಬಹುದು, ಹೂವಿನವಳೂ ಕೇಳಬಹುದು. ಪದ ಸಭ್ಯವಾದಷ್ಟೂ ಪ್ರಶ್ನೆ ಅಗ್ಗವಾಯಿತು. ಉತ್ತರದ ಬೆಲೆ ಮಾತ್ರ ಇಳಿಯಲಿಲ್ಲ.

ಇನ್ನೊಂದು ಸಂಗತಿ. ಇದೇ ಪ್ರಶ್ನೆಯನ್ನು ಅದೇ ಛತ್ರದಲ್ಲಿ ಅವಳ ಗಂಡನಿಗೂ ಕೇಳುತ್ತಾರೆ. ‘ಏನಪ್ಪಾ, ಏನ್ ವಿಶೇಷ?’ ಆಗ ಕಣ್ಣು ಎಲ್ಲಿಗೂ ಇಳಿಯುವುದಿಲ್ಲ. ಅವನು ಕಂಪನಿಯ ಬಗ್ಗೆ ಹೇಳಬಹುದು, ಹೊಸ ಕಾರಿನ ಬಗ್ಗೆ, ಊರಿನ ಮಳೆಯ ಬಗ್ಗೆ.

ನನಗೆ ಬಹಳ ಹತ್ತಿರದ ಒಂದು ದಂಪತಿಗೆ ಈ ಎರಡು ಪ್ರಶ್ನೆಗಳ ನಡುವೆ ಬಹಳ ಕಾಲ ಬದುಕಬೇಕಾಯಿತು. ಊರು, ಹೆಸರು ಬೇಡ. ಮಗುವಾಗಲಿಲ್ಲವೆಂದು ಆಸ್ಪತ್ರೆಗೆ ಹೋದಾಗ ಎಲ್ಲ ಕಡೆ ನಡೆಯುವ ಹಾಗೆಯೇ ನಡೆಯಿತು. ಮೊದಲು ಅವಳ ಥೈರಾಯ್ಡು, ಆಮೇಲೆ ದಿನ ಬಿಟ್ಟು ದಿನ ಸ್ಕ್ಯಾನು, ಆಮೇಲೆ ನೋವಿಗೆ ಹಲ್ಲು ಕಚ್ಚಿಕೊಳ್ಳಬೇಕಾದ ಟ್ಯೂಬ್ ಟೆಸ್ಟು. ನಡುವೆ ಅತ್ತೆ ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿಗೆ ಕರೆದುಕೊಂಡು ಹೋಗಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಒಪ್ಪಿಸಿಬಂದರು. ಕುಕ್ಕೆಯಲ್ಲಿ ಆಶ್ಲೇಷಾ ಬಲಿಯೂ ಆಯಿತು. ಅವನ ಪರೀಕ್ಷೆ ಬಂದದ್ದು ಕಟ್ಟಕಡೆಗೆ. ಅದು ಇವೆಲ್ಲದರಲ್ಲಿ ಅತಿ ಅಗ್ಗದ್ದು, ನೋವೇ ಇಲ್ಲದ್ದು. ಬಿತ್ತಿದ್ದು ಹುಟ್ಟದಿದ್ದರೆ ರೈತ ಮೊದಲು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ನೋಡುತ್ತಾನೆ, ಮಣ್ಣು ಪರೀಕ್ಷೆಗೆ ಕಳಿಸುವುದು ಆಮೇಲೆ. ಮನೆಯೊಳಗೆ ಬಂದಾಗ ಈ ತಿಳಿವಳಿಕೆ ಎಲ್ಲಿ ಹೋಗುತ್ತದೋ.

ಆ ಕೋಣೆಯನ್ನು ಅವನು ನನಗೆ ಒಂದು ಸಲ ವರ್ಣಿಸಿದ್ದ. ಲ್ಯಾಬಿನ ಪಕ್ಕದಲ್ಲೊಂದು ಬಾಗಿಲು, ಸರಿಯಾಗಿ ಕೂರದ ಚಿಲಕ, ಒಂದು ರೆಕ್ಸಿನ್ ಕುರ್ಚಿ, ಸಿಂಕಿನ ಮೇಲೆ ಯಾವುದೋ ಸಹಕಾರಿ ಬ್ಯಾಂಕಿನ ಗಣಪತಿ ಕ್ಯಾಲೆಂಡರು. ‘ಗಣಪತೀನ ಗೋಡೆ ಕಡೆ ತಿರುಗಿಸಿದೆ ಕಣೋ’ ಅಂದಿದ್ದ. ಡಬ್ಬಿಯ ಮೇಲೆ ತನ್ನ ಹೆಸರು, ಕೆಳಗೆ ಹೆಂಡತಿಯ ಹೆಸರು. ಹೊರಗೆ ಕೌಂಟರಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿ, ಕೈಯಲ್ಲಿ ಫಾರಂ. ‘ಎಷ್ಟು ದಿನ ಆಗಿತ್ತು ಸಾರ್?’ (ಎರಡರಿಂದ ಏಳು ದಿನ ಅಂತರ ಇರಬೇಕು ಅನ್ನುವುದು ನಿಯಮ.) ಆಮೇಲೆ, ತಲೆ ಎತ್ತದೆ, ‘ಏನಾದ್ರೂ ಚೆಲ್ಲಿತಾ ಸಾರ್?’ ಎರಡಕ್ಕೂ ಉತ್ತರ ಕೊಟ್ಟು ಅವನು ಮೆಟ್ಟಿಲಿಳಿದು ಬಂದು ರಸ್ತೆ ಬದಿಯಲ್ಲಿ ಎರಡು ಟೀ ಕುಡಿದನಂತೆ.

ವರದಿ ಬಂತು. ಪ್ರಮಾಣ ಸರಿ, ಬಣ್ಣ ಸರಿ, ಅದರ ಕೆಳಗೆ ಕೌಂಟ್ ಎಂಬ ಸಾಲಿನಲ್ಲಿ ‘ನಿಲ್’. ಮತ್ತೊಮ್ಮೆ ಕೊಡಿ, ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನೂ ನೋಡುತ್ತೇವೆ ಅಂದರು. ಅದೂ ನಿಲ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು ಇದ್ದರೆ ಕೆಳಗಿನ ಗಡಿ ಮುಟ್ಟಿದ ಹಾಗೆ. ಕೋಟಿಗಳಲ್ಲಿ ಲೆಕ್ಕ ಹಾಕುವ ಜಾಗದಲ್ಲಿ ಒಂದೂ ಇಲ್ಲ. ಇದು ಅಷ್ಟೇನೂ ಅಪರೂಪವಲ್ಲ. ಸುಮಾರು ನೂರು ಗಂಡಸರಲ್ಲಿ ಒಬ್ಬನಿಗೆ ಹೀಗಿರುತ್ತದೆ.

ಹೀಗಿದ್ದವನನ್ನು ಏನೆಂದು ಕರೆಯಬೇಕು? ‘ಬಂಜೆ’ಗೆ ಪುಲ್ಲಿಂಗ ಇಲ್ಲ ಎಂದು ಬಹಳ ಜನ ಬರೆದಾಗಿದೆ, ನಾನು ಬೇರೆ ಬರೆಯಬೇಕಿಲ್ಲ. ನನಗೆ ಹೆಚ್ಚು ತೊಡಕೆನಿಸುವುದು ಗಂಡಸಿಗಾಗಿ ಇರುವ ಪದಗಳು. ಷಂಡ, ನಪುಂಸಕ ಇತ್ಯಾದಿ. ಇವೆಲ್ಲ ಬೈಗುಳ ಅನ್ನುವುದು ಹಾಗಿರಲಿ, ತಪ್ಪು ಕೂಡ. ಹಾಸಿಗೆಯಲ್ಲಿ ಏನೂ ಕೊರತೆಯಿಲ್ಲದ ಗಂಡಸಿನ ವರದಿಯಲ್ಲೂ ಸೊನ್ನೆ ಇರಬಹುದು. ‘ವೀರ್ಯ’ ಬೇರೆ, ‘ವೀರ್ಯಾಣು’ ಬೇರೆ. ವೀರ್ಯದ ದ್ರವದಲ್ಲಿ ಬಹುಪಾಲು ಬರುವುದು ಪ್ರಾಸ್ಟೇಟು ಮತ್ತು ಅದರ ಪಕ್ಕದ ಗ್ರಂಥಿಗಳಿಂದ, ಅಣುಗಳದ್ದು ಅದರಲ್ಲಿ ಚಿಟಿಕೆಯಷ್ಟು ಪಾಲು. ಆದ್ದರಿಂದ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ನಮ್ಮಲ್ಲಿ ವೀರ್ಯ ಅಂದರೆ ಪರಾಕ್ರಮವೂ ಹೌದಲ್ಲ. ವೀರ್ಯಪರೀಕ್ಷೆಯಲ್ಲಿ ನಪಾಸು ಅನ್ನುವುದು ಕನ್ನಡದ ಕಿವಿಗೆ ಲ್ಯಾಬಿನ ಸುದ್ದಿಯಾಗಿ ಕೇಳಿಸುವುದೇ ಇಲ್ಲ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ನೆನಪಿಸಿಕೊಳ್ಳಿ. ಊರಿನ ಹೆಂಗಸರ ಮೇಲೆಲ್ಲ ಕಣ್ಣಿಟ್ಟು ಮೀಸೆ ತಿರುವುವ ಗೌಡನಲ್ಲೇ ಗಂಡಸುತನವಿಲ್ಲ. ಮಕ್ಕಳಿಲ್ಲದ ಗೌಡತಿ ಹರಕೆಯ ಪಡವಲಕಾಯಿ ಪಲ್ಯ ಮಾಡಿ ಗಂಡನಿಗೆ ಉಣ್ಣಿಸಲು ಹೊರಟರೆ ಅದು ಬಸಣ್ಣನ ಹೊಟ್ಟೆ ಸೇರುತ್ತದೆ. ದೊಡ್ಡ ನಾಟಕ. ಆದರೆ ಅಲ್ಲೂ ಮಕ್ಕಳಾಗದಿರುವುದಕ್ಕೂ ಗಂಡಸುತನ ಇಲ್ಲದಿರುವುದಕ್ಕೂ ಗಂಟು ಬಿದ್ದಿದೆ. ಮೀಸೆಯೂ ಇದ್ದು, ಒಳ್ಳೆಯ ಸಂಸಾರವೂ ಇದ್ದು, ಕೌಂಟ್ ಮಾತ್ರ ಇಲ್ಲದ ಸಾಧಾರಣ ಗೌಡನ ನಾಟಕವನ್ನು ನಾನಂತೂ ನೋಡಿಲ್ಲ.

ಹಾಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಇಂಗ್ಲಿಷಿನ ‘ಕೌಂಟ್’ ಪದಕ್ಕೆ ಮೊರೆ ಹೋದರು. ‘ಇವರಿಗೆ ಕೌಂಟ್ ಕಮ್ಮಿ’ ಅಂದರೆ ಕ್ರಿಕೆಟ್ ಸ್ಕೋರಿನಂತೆ ಕೇಳಿಸುತ್ತದೆ, ಇವತ್ತು ಕಮ್ಮಿ, ನಾಳೆ ಏರಬಹುದು. ಒಳ್ಳೆಯ ಪದವೇ. ಅದರಲ್ಲಿ ಬೈಗುಳದ ವಾಸನೆಯಿಲ್ಲ. ಆದರೆ ಅದು ಆಸ್ಪತ್ರೆಯ ಗೇಟು ದಾಟಿ ಮದುವೆ ಛತ್ರದವರೆಗೆ ಬರುವುದಿಲ್ಲ. ಅಲ್ಲಿ ನಡೆಯುವುದು ‘ವಿಶೇಷ’ ಒಂದೇ. ಅದನ್ನು ಕೇಳುವುದು ಅವಳನ್ನೇ. ಅವಳು ಗಂಡನ ವರದಿಯನ್ನು ಪರ್ಸಿನಲ್ಲಿಟ್ಟುಕೊಂಡೇ ‘ಇನ್ನೂ ಇಲ್ಲ ಅತ್ತೆ’ ಅಂದು ನಗುತ್ತಿದ್ದಳು.

ಮೊದಮೊದಲು ಅವನಿಗೆ ಇದು ನೆರಳಿನಂತೆ ಹಿತವಾಗಿತ್ತು. ಅವನೇ ಒಪ್ಪಿಕೊಂಡ ಮಾತು. ನಾಮಕರಣಗಳಿಗೆ ಹೋಗುವುದು ಬಿಟ್ಟ, ರಾತ್ರಿ ಮೊಬೈಲಿನಲ್ಲಿ ಏನೇನೋ ಓದಿದ. ಒಂದು ದಿನ ಅವಳನ್ನು ಕೂರಿಸಿಕೊಂಡು, ‘ನಿನಗೆ ಬೇಕಿದ್ರೆ ಬಿಟ್ಟು ಹೋಗು, ಬೇರೆ ಮದುವೆ ಆಗು, ನಾನು ಅಡ್ಡ ಬರಲ್ಲ’ ಅಂದ. ಅವಳು ‘ಆಗ್ಲಿ, ಯೋಚನೆ ಮಾಡ್ತೀನಿ. ಗ್ಯಾಸ್ ಬುಕ್ ಮಾಡಿದ್ರಾ?’ ಅಂದಳಂತೆ. ಗಂಡ ಹೆಂಡಿರ ನಡುವೆ ಆ ವಿಷಯ ಅಲ್ಲಿಗೆ ಮುಗಿಯಿತು. ಮನೆಯಾಚೆ ಮುಗಿಯಲಿಲ್ಲ.

‘ವಿಶೇಷ’ದ ಬುಡದಲ್ಲಿ ಇರುವುದು ‘ಶೇಷ’, ಅಂದರೆ ಉಳಿದದ್ದು. ಆಶ್ಲೇಷಾ ಬಲಿಯ ಹಿಂದಿರುವ ನಾಗ, ಆದಿಶೇಷನ ಕುಲದವನೇ. ಆದರೆ ನನಗೆ ಈ ದಂಪತಿಯ ಸಂಗಡ ಮಾತಾಡುವಾಗ ನೆನಪಾಗುತ್ತಿದ್ದದ್ದು ‘ವಿಶೇಷೋಕ್ತಿ’. ಅಲಂಕಾರಶಾಸ್ತ್ರ ಓದಿದವರಿಗೆ ಗೊತ್ತು, ಕಾರಣಗಳೆಲ್ಲ ಕೂಡಿಬಂದಿದ್ದರೂ ಕಾರ್ಯ ಆಗದಿದ್ದರೆ ಅದು ವಿಶೇಷೋಕ್ತಿ. ಕಾರಣವೇ ಇಲ್ಲದೆ ಕಾರ್ಯ ಆಗಿಬಿಟ್ಟರೆ ವಿಭಾವನೆ. ವಿಶೇಷ ಇಲ್ಲದ ಮನೆಯಲ್ಲಿ ನಡೆಯುವುದೇ ವಿಶೇಷೋಕ್ತಿ! ಲಾಕ್ಷಣಿಕರು ಇದನ್ನು ಮೂರು ಬಗೆಯಾಗಿ ಒಡೆದರು. ಅಡ್ಡಿಯಾದದ್ದು ಏನೆಂದು ಹೇಳಿದ್ದರೆ ಉಕ್ತನಿಮಿತ್ತ, ಹೇಳದೆ ಬಿಟ್ಟರೆ ಅನುಕ್ತನಿಮಿತ್ತ, ಊಹೆಗೇ ನಿಲುಕದಿದ್ದರೆ ಅಚಿಂತ್ಯನಿಮಿತ್ತ.

ಡಾಕ್ಟರರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ನಾಳದಲ್ಲಿ ಎಲ್ಲೋ ಬ್ಲಾಕ್ ಇದೆಯೋ, ಬೀಜದಲ್ಲಿ ಉತ್ಪಾದನೆಯೇ ಇಲ್ಲವೋ? ಹುಟ್ಟಿನಿಂದಲೇ ವೀರ್ಯನಾಳ ಬೆಳೆದಿಲ್ಲವೋ? ಹದಿಹರೆಯ ದಾಟಿದ ಮೇಲೆ ಬಂದ ಮಂಗಬಾವು ವೃಷಣಕ್ಕೆ ಇಳಿದಿತ್ತೋ? ವೈ ಕ್ರೋಮೋಸೋಮಿನ ತುಣುಕೊಂದು ಬಿಟ್ಟುಹೋಗಿದೆಯೋ, ಎಕ್ಸ್ ಒಂದು ಹೆಚ್ಚಿಗೆ ಬಂದಿದೆಯೋ? ರಕ್ತದ ಹಾರ್ಮೋನು, ಸ್ಕ್ಯಾನು, ವಂಶವಾಹಿ ಪರೀಕ್ಷೆ ಎಲ್ಲ ಆದಮೇಲೂ ಬಹಳ ಗಂಡಸರ ಫೈಲು ಅಚಿಂತ್ಯನಿಮಿತ್ತವಾಗಿಯೇ ಮುಚ್ಚಿಕೊಳ್ಳುತ್ತದೆ.

ಮನೆಗಳಲ್ಲಿ ಹೆಚ್ಚು ನಡೆಯುವುದು ಅನುಕ್ತನಿಮಿತ್ತ. ಕಾವ್ಯದಲ್ಲಿ ಕಾರಣ ಹೇಳದೆ ಬಿಟ್ಟರೆ ಸಹೃದಯ ಅದನ್ನು ತಾನೇ ತುಂಬಿಕೊಳ್ಳುತ್ತಾನೆ, ಸೊಗಸು ಅಲ್ಲೇ. ಮನೆಯಲ್ಲೂ ತುಂಬಿಕೊಳ್ಳುತ್ತಾರೆ, ಅವಳ ಹೆಸರನ್ನು. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1677ರಲ್ಲೇ ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣುಗಳು ಬಾಲ ಬಡಿಯುವುದನ್ನು ಕಂಡ. ಸಂತಾನವಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ ಎನ್ನುವುದು ಇವತ್ತು ಯಾವ ಡಾಕ್ಟರನಿಗೂ ಹೊಸತಲ್ಲ. ಆದರೂ ಅಶ್ವತ್ಥಕಟ್ಟೆ ಸುತ್ತುವವಳು ಅವಳೇ.

ಚಿಕಿತ್ಸೆಯಲ್ಲೂ ಅಷ್ಟೆ, ಇದನ್ನು ಯಾಕೆ ಯಾರೂ ಜೋರಾಗಿ ಹೇಳುವುದಿಲ್ಲವೋ ನನಗೆ ತಿಳಿಯದು. ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ಲೋಕಕ್ಕೆ ತಿಳಿಸಿದ ‘ಇಕ್ಸಿ’ ವಿಧಾನದಲ್ಲಿ ಒಂದು ಅಂಡಕ್ಕೆ ಒಂದೇ ವೀರ್ಯಾಣು ಸಾಕು, ಸೂಜಿಯಿಂದ ಒಳಗೆ ಬಿಡುತ್ತಾರೆ. ಉತ್ಪಾದನೆ ಇಲ್ಲದವರಲ್ಲೂ ವೃಷಣವನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಹುಡುಕಿದರೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ನಾಲ್ಕಾರು ಸಿಗಬಹುದು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಕೊರತೆ ಅವನದಾದರೂ ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು ಅವಳು, ಅರಿವಳಿಕೆ ತೆಗೆದುಕೊಂಡು ಅಂಡ ತೆಗೆಸಿಕೊಳ್ಳುವವಳು ಅವಳು. ನೋಡುವವರಿಗೆ ರೋಗಿ ಯಾರೆಂದು ಅನ್ನಿಸೀತು?

ಅವನ ವೃಷಣದಲ್ಲಿ ಏನೂ ಸಿಗದಿದ್ದರೆ ಮುಂದಿನದು ದಾನಿಯ ವೀರ್ಯ. 2021ರ ಕಾಯ್ದೆ ಬಂದ ಮೇಲೆ ಅದು ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ದಾನಿಗೆ 21ರಿಂದ 55ರೊಳಗಿನ ವಯಸ್ಸಿರಬೇಕು, ಒಬ್ಬ ದಾನಿಯದು ಒಂದೇ ದಂಪತಿಗೆ, ಗಂಡ ಹೆಂಡತಿ ಇಬ್ಬರೂ ಬರೆದು ಒಪ್ಪಿಗೆ ಕೊಡಬೇಕು. ಕಾಗದದ ಮೇಲೆ ಸಹಿ ಹಾಕುವುದು ಸುಲಭವಿರಬಹುದು. ನಿಯೋಗದ ಕಥೆಯನ್ನು ಹರಿಕಥೆಯಲ್ಲಿ ಕೂತು ಕೇಳಿ ತಲೆದೂಗುವ ಮನೆಯಲ್ಲೇ ಇದನ್ನು ಹೇಳುವುದು ಹೇಗೆಂದು ಇವರಿಬ್ಬರೂ ಇನ್ನೂ ಯೋಚಿಸುತ್ತಿದ್ದಾರೆ. ಅವಳಿಗೆ ದತ್ತು ಇಷ್ಟ. ಅವನು ಒಂದು ಸಲ ಆಪರೇಷನ್ ಮಾಡಿಸಿ ನೋಡೋಣ ಅನ್ನುತ್ತಾನೆ. ಈ ಜಗಳ ಚೆನ್ನಾಗಿದೆ, ಇಬ್ಬರೂ ಅದನ್ನು ಕಾಫಿ ಕುಡಿಯುತ್ತಾ ಆಡುತ್ತಾರೆ.

ಉಕ್ತನಿಮಿತ್ತ ಆದದ್ದು ಒಂದು ಗೃಹಪ್ರವೇಶದಲ್ಲಿ. ಅವನ ಸೋದರತ್ತೆ ಅವಳನ್ನು ಎಂದಿನಂತೆ ಕೇಳಿದರು. ಊಟದ ಎಲೆ ಮುಂದೆ ಕೂತಿದ್ದ ಅವನು ತಲೆ ಎತ್ತಿ, ‘ಅತ್ತೆ, ಅವಳನ್ನ ಕೇಳಿ ಪ್ರಯೋಜನ ಇಲ್ಲ. ತೊಂದರೆ ನನ್ನ ಕಡೆಯದು. ನನ್ನನ್ನ ಕೇಳಿ’ ಅಂದ. ಪಕ್ಕದವರ ಎಲೆಗೆ ಬೀಳಬೇಕಾಗಿದ್ದ ಸಾರು ನೆಲಕ್ಕೆ ಬಿತ್ತು. ಅತ್ತೆ ಒಂದು ಕ್ಷಣ ಅವನನ್ನೂ ಅವಳನ್ನೂ ನೋಡಿ, ‘ಹಪ್ಪಳ ಬಂತೇನಪ್ಪಾ ನಿನಗೆ?’ ಅಂದರು.

ಸುದ್ದಿ ಹಬ್ಬಿತು, ಹಬ್ಬಲೇಬೇಕಲ್ಲ. ಕೆಲವರು ಅವಳನ್ನು ಕಂಡರೆ ಅಯ್ಯೋ ಪಾಪ ಅನ್ನತೊಡಗಿದರು, ಅದು ಅವಳಿಗೆ ಹಳೆಯ ಪ್ರಶ್ನೆಗಿಂತ ಹಿಂಸೆ. ಅವನ ಅಮ್ಮ ಕೆಲದಿನ ಮಾತು ಬಿಟ್ಟರು, ಮನೆಯ ಮಾನ ಎಲೆಯ ಮೇಲೆ ಬಡಿಸಿಬಿಟ್ಟೆಯಲ್ಲೋ ಅಂತ. ಸೋದರತ್ತೆ ಮಾತ್ರ ಹದಿನೈದು ದಿನದೊಳಗೆ ಯಾರೋ ನಾಟಿ ವೈದ್ಯರಿಂದ ಲೇಹ ತರಿಸಿ ಕೊರಿಯರ್ ಮಾಡಿದರು. ಜತೆಗೆ ಪಥ್ಯದ ಚೀಟಿ: ಹುಳಿ ಕಮ್ಮಿ, ಬಿಸಿನೀರಿನ ತಲೆಸ್ನಾನ ಬೇಡ, ಬೈಕು ಕಮ್ಮಿ. ಇಷ್ಟು ವರ್ಷ ಬರೇ ತನಗೆ ಬರುತ್ತಿದ್ದ ಇಂಥ ಚೀಟಿ ಅವನ ಹೆಸರಿಗೆ ಬಂದದ್ದು ನೋಡಿ ಅವಳು ಅದನ್ನು ಫ್ರಿಜ್ಜಿಗೆ ಅಂಟಿಸಿದಳು. ಡಾಕ್ಟರು, ಏನು ಹಾಕಿದ್ದಾರೋ ಗೊತ್ತಿಲ್ಲದ್ದನ್ನು ತಿನ್ನಬೇಡಿ, ಜಿಮ್ಮಿನವರು ಕೊಡುವ ಟೆಸ್ಟೊಸ್ಟಿರಾನ್ ಅಂತೂ ಮುಟ್ಟಲೇಬೇಡಿ, ಅದು ಇರುವ ಉತ್ಪಾದನೆಯನ್ನೂ ನಿಲ್ಲಿಸುತ್ತದೆ ಅಂದಿದ್ದಾರೆ. ಹಾಗಾಗಿ ಲೇಹದ ಡಬ್ಬಕ್ಕೆ ಇನ್ನೂ ಚಮಚ ಇಳಿದಿಲ್ಲ. ಅತ್ತೆಗೆ ಇದು ಗೊತ್ತಿಲ್ಲ. ಪ್ರತಿ ಭಾನುವಾರ ಅವನ ಮೊಬೈಲಿಗೇ ಫೋನ್ ಮಾಡಿ, ಹಾಲಿನಲ್ಲಿ ತಗೋತಿದ್ದೀಯೋ ನೀರಿನಲ್ಲೋ, ಖಾಲಿ ಹೊಟ್ಟೇಲಿ ತಾನೇ, ಅಂತ ವಿಚಾರಿಸುತ್ತಾರೆ. ಅವನು ಹಾಲಿನಲ್ಲಿ ಅತ್ತೆ ಅನ್ನುತ್ತಾನೆ.