ಸ್ತರಭಂಗ ಘರ್ಷಣೆಯ ಪ್ರಯೋಗಾಲಯ ಅಧ್ಯಯನ

ಸ್ತರಭಂಗ ಘರ್ಷಣೆಯ ಪ್ರಯೋಗಾಲಯ ಅಧ್ಯಯನವು ಭೂಕಂಪ ವಿಜ್ಞಾನದ ಒಂದು ಶಾಖೆ. ಭೂಮಿಯ ಹೊರಚಿಪ್ಪಿನ ಶಿಲೆಗಳು ಬಿರುಕುಬಿಟ್ಟು, ಬಿರುಕಿನ ಎರಡು ಪಕ್ಕಗಳು ಒಂದಕ್ಕೊಂದು ಉಜ್ಜಿಕೊಂಡು ಸರಿದಿರುವ ಸ್ಥಳಕ್ಕೆ ಸ್ತರಭಂಗವೆಂದು ಹೆಸರು. ಇಂತಹ ಸ್ಥಳದ ಶಿಲೆಯ ಚಿಕ್ಕ ತುಣುಕುಗಳನ್ನು ಯಂತ್ರದಲ್ಲಿ ಒತ್ತಿ, ಸರಿಸಿ, ಅವುಗಳ ನಡುವಿನ ಘರ್ಷಣೆಯನ್ನು ಅಳೆಯುವುದು ಈ ಶಾಖೆಯ ಮುಖ್ಯ ಕಾರ್ಯ. ಸ್ತರಭಂಗವು ಯಾವ ಬಲಕ್ಕೆ ಜಾರುತ್ತದೆ, ಜಾರಿದಾಗ ನಿಧಾನವಾಗಿ ಸರಿಯುತ್ತದೆಯೇ ಅಥವಾ ಭೂಕಂಪವನ್ನು ಉಂಟುಮಾಡುತ್ತದೆಯೇ, ನೀರು ಸೇರಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಈ ಅಧ್ಯಯನವು ಉತ್ತರ ಒದಗಿಸುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೆ ಅತಿ ಸಮೀಪದ ನಿದರ್ಶನವೆಂದರೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾ ಜಲಾಶಯದ ಪ್ರದೇಶ.

ಹಿನ್ನೆಲೆ

1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪವನ್ನು ಅಧ್ಯಯನ ಮಾಡಿದ ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ಸ್ಥಿತಿಸ್ಥಾಪಕ ಪ್ರತಿಚಲನ ಸಿದ್ಧಾಂತವನ್ನು ಮಂಡಿಸಿದರು. ಸ್ತರಭಂಗದ ಎರಡು ಪಕ್ಕಗಳು ಘರ್ಷಣೆಯಿಂದ ಕಚ್ಚಿಕೊಂಡಿರುವಾಗ ಸುತ್ತಲಿನ ಶಿಲೆಯು ನಿಧಾನವಾಗಿ ಬಾಗುತ್ತಾ ಶಕ್ತಿಯನ್ನು ಕೂಡಿಡುತ್ತದೆ. ಹಿಡಿತ ತಪ್ಪಿದೊಡನೆ ಆ ಶಕ್ತಿಯು ಅಲೆಗಳ ರೂಪದಲ್ಲಿ ಹೊರಬೀಳುತ್ತದೆ.

1966ರಲ್ಲಿ ವಿಲಿಯಂ ಬ್ರೇಸ್ ಮತ್ತು ಜೇಮ್ಸ್ ಬೈಯರ್ಲಿ ಇದಕ್ಕೆ ಪ್ರಯೋಗಾಲಯದ ಆಧಾರವನ್ನು ಒದಗಿಸಿದರು. ಹೆಚ್ಚಿನ ಒತ್ತಡದಲ್ಲಿಟ್ಟ ಗ್ರಾನೈಟಿನ ಎರಡು ಮುಖಗಳು ಸಮನಾಗಿ ಜಾರದೆ, ಕೆಲಕಾಲ ಅಂಟಿಕೊಂಡು ನಿಂತು ಬಳಿಕ ತಟ್ಟನೆ ಜಾರುವುದನ್ನು ಅವರು ಕಂಡರು. ಎಣ್ಣೆಯಿಲ್ಲದ ಬಾಗಿಲು ಕಿರುಗುಟ್ಟುವುದಕ್ಕೂ ಇದೇ ಕಾರಣ. ಈ ‘ಅಂಟು–ಜಾರು’ ಚಲನೆಯೇ ಭೂಕಂಪದ ಮೂಲವಾಗಿರಬಹುದೆಂದು ಅವರು ಪ್ರತಿಪಾದಿಸಿದರು. ಹೊಸ ಬಿರುಕು ಮೂಡಿದಾಗ ಮಾತ್ರವಲ್ಲ, ಹಳೆಯ ಬಿರುಕು ಮತ್ತೆ ಜಾರಿದಾಗಲೂ ಭೂಕಂಪ ಸಂಭವಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಪ್ರಯೋಗದ ವಿಧಾನಗಳು

ಸಾಮಾನ್ಯವಾಗಿ ಮೂರು ಬಗೆಯ ಯಂತ್ರಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಓರೆಯಾಗಿ ಕತ್ತರಿಸಿದ ಶಿಲೆಯ ಕಂಬವನ್ನು ದ್ರವದ ಒತ್ತಡದಲ್ಲಿಟ್ಟು ಮೇಲಿನಿಂದ ಅದುಮಲಾಗುತ್ತದೆ. ಎರಡನೆಯದರಲ್ಲಿ ಎರಡು ಶಿಲಾಖಂಡಗಳ ನಡುವೆ ಮೂರನೆಯದನ್ನು ಇರಿಸಿ, ಪಕ್ಕಗಳಿಂದ ಒತ್ತಿ, ನಡುವಿನದನ್ನು ಕೆಳಕ್ಕೆ ತಳ್ಳಲಾಗುತ್ತದೆ. ಮೂರನೆಯದರಲ್ಲಿ ಉಂಗುರಾಕಾರದ ಶಿಲೆಗಳನ್ನು ಬೀಸುಕಲ್ಲಿನಂತೆ ಒಂದರ ಮೇಲೊಂದು ತಿರುಗಿಸಲಾಗುತ್ತದೆ. ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ವೇಗವನ್ನು, ಅಂದರೆ ನಿಜವಾದ ಭೂಕಂಪದ ಜಾರಿಕೆಯ ವೇಗವನ್ನು, ಈ ಕೊನೆಯ ಯಂತ್ರದಲ್ಲಿ ಪಡೆಯಬಹುದು. ಭೂಫಲಕಗಳ ಸಹಜ ಚಲನೆಯಾದರೋ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಈ ಎರಡು ವೇಗಗಳ ಅಂತರ ಸುಮಾರು ನೂರು ಕೋಟಿ ಪಟ್ಟು.

ಘರ್ಷಣೆಯ ನಿಯಮಗಳು

1978ರಲ್ಲಿ ಬೈಯರ್ಲಿ ಅನೇಕ ಶಿಲೆಗಳ ಪ್ರಯೋಗ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಸುಮಾರು 200 ಮೆಗಾಪಾಸ್ಕಲ್ ಒತ್ತಡದವರೆಗೆ, ಜಾರಿಸಲು ಬೇಕಾದ ಬಲವು ಅದುಮುವ ಬಲದ 0.85ರಷ್ಟಿರುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಬಲದ ಏರಿಕೆ 0.6ರ ಪ್ರಮಾಣಕ್ಕೆ ಇಳಿಯುತ್ತದೆ. ಶಿಲೆ ಯಾವುದೆಂಬುದು ಇಲ್ಲಿ ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ. ಸ್ತರಭಂಗದೊಳಗೆ ತುಂಬಿಕೊಂಡ ಕೆಲವು ಜೇಡಿಖನಿಜಗಳು ಮಾತ್ರ ಇದಕ್ಕೆ ಅಪವಾದ. ಅವುಗಳ ಘರ್ಷಣೆ ಬಹಳ ಕಡಿಮೆ.

ಆದರೆ ಘರ್ಷಣೆಯು ಒಂದು ಸ್ಥಿರ ಸಂಖ್ಯೆಯಲ್ಲ. 1970ರ ದಶಕದಲ್ಲಿ ಜೇಮ್ಸ್ ಡೀಟೆರಿಕ್, 1983ರಲ್ಲಿ ಆಂಡಿ ರುಯಿನಾ ರೂಪಿಸಿದ ‘ವೇಗ–ಸ್ಥಿತಿ’ ನಿಯಮದ ಪ್ರಕಾರ ಅದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಶಿಲೆಗಳು ಅಲುಗಾಡದೆ ಹೆಚ್ಚು ಕಾಲ ಒತ್ತಿಕೊಂಡಿದ್ದಷ್ಟೂ ಅವುಗಳ ಹಿಡಿತ ಬಲವಾಗುತ್ತದೆ. ಜಾರುವ ವೇಗ ಬದಲಾದರೆ ಹಿಡಿತವೂ ಸ್ವಲ್ಪ ಬದಲಾಗುತ್ತದೆ. ವೇಗ ಹೆಚ್ಚಿದಂತೆ ಹಿಡಿತ ಹೆಚ್ಚಿದರೆ ಸ್ತರಭಂಗವು ಸದ್ದಿಲ್ಲದೆ ತೆವಳುತ್ತದೆ. ವೇಗ ಹೆಚ್ಚಿದಂತೆ ಹಿಡಿತ ಸಡಿಲಗೊಂಡರೆ ಜಾರಿಕೆಯು ತನ್ನನ್ನು ತಾನೇ ವೇಗಗೊಳಿಸಿಕೊಂಡು ಭೂಕಂಪವಾಗಬಲ್ಲದು. ಪ್ರಯೋಗಗಳಲ್ಲಿ ಕಾಣುವ ಈ ವ್ಯತ್ಯಾಸ ಶೇಕಡಾ ಒಂದೆರಡರಷ್ಟು ಮಾತ್ರ. ಸ್ತರಭಂಗವು ತೆವಳುವುದೋ ನಡುಗುವುದೋ ಎಂಬುದನ್ನು ನಿರ್ಧರಿಸುವುದು ಈ ಸಣ್ಣ ವ್ಯತ್ಯಾಸವೇ.

ನೀರಿನ ಪಾತ್ರ

ಶಿಲೆಯ ರಂಧ್ರ ಮತ್ತು ಬಿರುಕುಗಳಲ್ಲಿರುವ ನೀರಿನ ಒತ್ತಡವು ಸ್ತರಭಂಗದ ಎರಡು ಪಕ್ಕಗಳನ್ನು ಒಳಗಿನಿಂದ ದೂರ ತಳ್ಳುತ್ತದೆ. ಹೀಗಾಗಿ ಅದುಮುವ ಬಲದಿಂದ ನೀರಿನ ಒತ್ತಡವನ್ನು ಕಳೆದು ಉಳಿದಷ್ಟೇ ಬಲವು ಹಿಡಿತಕ್ಕೆ ಒದಗುತ್ತದೆ. ಈ ತತ್ತ್ವವನ್ನು ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ 1959ರಲ್ಲಿ ಸ್ತರಭಂಗಗಳಿಗೆ ಅನ್ವಯಿಸಿದರು.

ಇದರ ನೇರ ಪರೀಕ್ಷೆ 1969ರಿಂದ 1973ರವರೆಗೆ ಅಮೆರಿಕದ ಕೊಲೊರಾಡೊ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ ನಡೆಯಿತು. ಅಲ್ಲಿನ ಶಿಲೆಯ ಘರ್ಷಣೆಯನ್ನು ಪ್ರಯೋಗಾಲಯದಲ್ಲಿ ಅಳೆದು, ನೀರಿನ ಒತ್ತಡ ಎಷ್ಟಾದರೆ ಸ್ತರಭಂಗ ಜಾರುವುದೆಂದು ಲೆಕ್ಕಹಾಕಲಾಯಿತು. ಬಾವಿಗಳಲ್ಲಿ ಒತ್ತಡವನ್ನು ಆ ಮಟ್ಟಕ್ಕಿಂತ ಹೆಚ್ಚಿಸಿದಾಗ ಸಣ್ಣ ಭೂಕಂಪಗಳು ಹೆಚ್ಚಿದವು, ಇಳಿಸಿದಾಗ ಅವು ಬಹುಮಟ್ಟಿಗೆ ನಿಂತವು. ಅಂಗೈಯಗಲದ ಕಲ್ಲಿನಿಂದ ಪಡೆದ ಸಂಖ್ಯೆಯು ನೆಲದಾಳದಲ್ಲಿಯೂ ಸರಿಹೊಂದಬಲ್ಲದೆಂದು ಇದು ತೋರಿಸಿತು.

ಕೊಯ್ನಾ ನಿದರ್ಶನ

103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟೆಯ ಹಿಂದೆ 1962ರಲ್ಲಿ ನೀರು ತುಂಬತೊಡಗಿದ ಬಳಿಕ ಸುತ್ತಮುತ್ತ ಕಂಪನಗಳು ಕಾಣಿಸಿಕೊಂಡವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಸಂಭವಿಸಿದ 6.3 ಪರಿಮಾಣದ ಭೂಕಂಪದಲ್ಲಿ ಸುಮಾರು 200 ಜನರು ಮೃತಪಟ್ಟರು. ಕೊಯ್ನಾನಗರವು ತೀವ್ರ ಹಾನಿಗೀಡಾಯಿತು. ಜಲಾಶಯಗಳಿಂದ ಪ್ರಚೋದಿತವಾದ ಭೂಕಂಪಗಳಲ್ಲಿ ಇದನ್ನು ಜಗತ್ತಿನಲ್ಲೇ ಅತಿ ದೊಡ್ಡದೆಂದು ಪರಿಗಣಿಸಲಾಗಿದೆ. ಹರ್ಷ್ ಗುಪ್ತಾ ಮೊದಲಾದ ವಿಜ್ಞಾನಿಗಳು ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ವಾರಣಾ ಜಲಾಶಯದಲ್ಲಿ ನೀರು ತುಂಬಿದ ಬಳಿಕ ಕಂಪನಗಳು ದಕ್ಷಿಣದ ಕಡೆಗೂ ಹರಡಿದವು.

ಇಲ್ಲಿ ‘ಪ್ರಚೋದಿತ’ ಎಂಬ ಪದವು ಮುಖ್ಯ. ನೂರು ಮೀಟರ್ ಆಳದ ನೀರಿನ ಒತ್ತಡವು ಸುಮಾರು 1 ಮೆಗಾಪಾಸ್ಕಲ್. ಐದು ಕಿಲೋಮೀಟರ್ ಆಳದಲ್ಲಿ ಮೇಲಿನ ಶಿಲೆಯ ಭಾರದಿಂದ ಬರುವ ಒತ್ತಡವು 130 ಮೆಗಾಪಾಸ್ಕಲ್‌ಗೂ ಹೆಚ್ಚು. ಇಷ್ಟು ಅಲ್ಪ ಪ್ರಮಾಣದ ಬದಲಾವಣೆಯಿಂದ ಸ್ತರಭಂಗ ಜಾರಬೇಕಾದರೆ ಅದು ಮೊದಲೇ ಜಾರುವ ಅಂಚಿನಲ್ಲಿದ್ದಿರಬೇಕು. ಅಣೆಕಟ್ಟೆ ಇರುವಲ್ಲೆಲ್ಲ ಭೂಕಂಪವಾಗದಿರುವುದಕ್ಕೆ ಇದೇ ಕಾರಣ.

ಸ್ತರಭಂಗದ ಸಮೀಪಕ್ಕೆ ತಲುಪಲು ಕೇಂದ್ರ ಭೂವಿಜ್ಞಾನ ಸಚಿವಾಲಯವು ಇಲ್ಲಿ ಆಳ ಕೊಳವೆಬಾವಿಗಳನ್ನು ಕೊರೆಸಿತು. ಗೋಠಣೆಯಲ್ಲಿ ಕೊರೆದ ಪ್ರಾಯೋಗಿಕ ಬಾವಿಯು 2017ರಲ್ಲಿ 3 ಕಿ.ಮೀ. ಆಳವನ್ನು ತಲುಪಿತು. ಸುಮಾರು 1,250 ಮೀಟರ್ ದಪ್ಪದ ಬಸಾಲ್ಟ್ ಪದರಗಳ ಕೆಳಗೆ ನೇರವಾಗಿ ಪುರಾತನ ಗ್ರಾನೈಟ್ ಬಗೆಯ ಶಿಲೆ ದೊರೆಯಿತು. ಕರಾಡದಲ್ಲಿರುವ ಕೊಳವೆಬಾವಿ ಭೂಭೌತ ಸಂಶೋಧನಾ ಪ್ರಯೋಗಾಲಯವು ಈ ಕಾರ್ಯದ ಕೇಂದ್ರ. ಕೊಯ್ನಾ ನದಿಯು ಕೃಷ್ಣೆಯನ್ನು ಕೂಡುವುದೂ ಇದೇ ಕರಾಡದಲ್ಲಿ.

ಕರ್ನಾಟಕದಲ್ಲಿ ಶಿಲೆಗಳ ಬಲಪರೀಕ್ಷೆಗೆ ಕೋಲಾರ ಚಿನ್ನದ ಗಣಿಗಳ ಹಿನ್ನೆಲೆಯಿದೆ. ಮೂರು ಕಿಲೋಮೀಟರಿಗೂ ಆಳವಾಗಿದ್ದ ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಒತ್ತಡದಿಂದ ಶಿಲೆ ಸಿಡಿಯುವ ಅವಘಡಗಳು ಸಂಭವಿಸುತ್ತಿದ್ದವು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು 1988ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೇ ಆರಂಭವಾಯಿತು.

ಕೃಷ್ಣಾ ತೀರದ ತಾಲ್ಲೂಕುಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಕೃಷ್ಣಾ ಜಲಾನಯನ ಪ್ರದೇಶದಲ್ಲಿವೆ. ಕೊಯ್ನಾದಿಂದ ಇವುಗಳ ನೇರ ದೂರ ಸುಮಾರು 130ರಿಂದ 160 ಕಿ.ಮೀ. ಕೊಯ್ನಾದ ಕಂಪನಗಳ ಕೇಂದ್ರಗಳು ಸುಮಾರು 20×30 ಕಿ.ಮೀ. ವಿಸ್ತಾರದೊಳಗೆ ಸೀಮಿತವಾಗಿರುವುದರಿಂದ ಅಲ್ಲಿನ ಸ್ತರಭಂಗಗಳ ಜಾರಿಕೆ ಇಲ್ಲಿಯವರೆಗೆ ಚಾಚುವುದಿಲ್ಲ. ದೊಡ್ಡ ಭೂಕಂಪದ ಅಲೆಗಳು ಮಾತ್ರ ತಲುಪಬಲ್ಲವು. ಭಾರತೀಯ ಮಾನಕ 1893ರ 2002ರ ನಕ್ಷೆಯಲ್ಲಿ ಕೊಯ್ನಾ ಪ್ರದೇಶವು ನಾಲ್ಕನೆಯ, ಬೆಳಗಾವಿಯು ಮೂರನೆಯ ಭೂಕಂಪ ವಲಯದಲ್ಲಿವೆ. ಮೂರನೆಯ ವಲಯವೆಂದರೆ ಮಧ್ಯಮ ಪ್ರಮಾಣದ ಅಪಾಯ.

ಮಿತಿಗಳು

ಪ್ರಯೋಗಾಲಯದ ಕಲ್ಲು ಸೆಂಟಿಮೀಟರುಗಳ ಅಳತೆಯದು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪ್ರಸಿದ್ಧ ದೊಡ್ಡ ಯಂತ್ರದಲ್ಲಿಯೂ ಕೃತಕ ಸ್ತರಭಂಗದ ಉದ್ದ 2 ಮೀಟರ್ ಮಾತ್ರ. ನೆಲದೊಳಗಿನ ಸ್ತರಭಂಗವು ಕಿಲೋಮೀಟರುಗಟ್ಟಲೆ ಉದ್ದವಿದ್ದು, ಅದರ ಒರಟುತನ, ನೀರು, ಉಷ್ಣತೆ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಆದುದರಿಂದ ಭೂಕಂಪದ ದಿನ ಮತ್ತು ವೇಳೆಯನ್ನು ಈ ಅಧ್ಯಯನದಿಂದ ಮುಂಚಿತವಾಗಿ ಹೇಳಲು ಸಾಧ್ಯವಿಲ್ಲ. ಯಾವ ದಿಕ್ಕಿನ ಸ್ತರಭಂಗವು ಜಾರುವ ಅಂಚಿಗೆ ಹತ್ತಿರವಿದೆ, ನೀರಿನ ಒತ್ತಡ ಎಷ್ಟು ಏರಿದರೆ ಅಪಾಯ ಎಂಬುದನ್ನು ಅಂದಾಜಿಸಲು ಇದು ನೆರವಾಗುತ್ತದೆ.

ಜೀವಹಾನಿಯನ್ನು ತಡೆಯುವುದು ಕಟ್ಟಡಗಳ ಗುಣಮಟ್ಟಕ್ಕೆ ಸಂಬಂಧಿಸಿದ್ದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ಪರಿಮಾಣವು ಕೊಯ್ನಾದ್ದಕ್ಕೆ ಸಮೀಪದ್ದೇ ಆಗಿದ್ದರೂ ಸಾವಿರಾರು ಜನರು ಮೃತಪಟ್ಟರು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದದ್ದು ಇದಕ್ಕೆ ಪ್ರಮುಖ ಕಾರಣ. ಗೋಡೆಯ ಒಳ ಮತ್ತು ಹೊರ ಮುಖಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳು, ಬಾಗಿಲು–ಕಿಟಕಿಗಳ ಮೇಲ್ಮಟ್ಟದಲ್ಲಿ ಗೋಡೆಗಳನ್ನು ಸುತ್ತುವರಿಯುವ ಕಾಂಕ್ರೀಟ್ ಪಟ್ಟಿ, ಹಗುರವಾದ ಛಾವಣಿ ಇವು ಇಂತಹ ಮನೆಗಳಿಗೆ ಸೂಚಿಸಲಾದ ರಕ್ಷಣಾ ಕ್ರಮಗಳು.